ನಾಲ್ಕು ತಾಲ್ಲೂಕಿಗೊಂದು ವಿಷಲ್

ಕೊರೊನಾಕ್ಕೆ ಫೌಲ್ ಕೊಟ್ಟು ಅಂಕಣದಿಂದ ಆಚೆ ಕಳಿಸಿದವರು ನಮ್ಮ ಮಾವ. ವಿಜ್ಞಾನಿಗಳು, ಲಸಿಕೆ, ಡಾಕ್ಟರುಗಳೆಲ್ಲ ಆಮೇಲೆ ಬಂದರು. ಇದನ್ನು ನಾನು ಹೇಳುತ್ತಿಲ್ಲ, ಮಾವನೇ ಹೇಳುತ್ತಾರೆ. ಅದೂ ಕಾಫಿಗೆ ಬಂದವರು ಎದ್ದು ಹೋಗದ ಹಾಗೆ ಬಾಗಿಲಿಗೆ ಅಡ್ಡವಾಗಿ ನಿಂತು ಹೇಳುತ್ತಾರೆ. ನಂಬದಿದ್ದರೆ? ಕೊರಳಲ್ಲಿ ವಿಷಲ್ ಇದೆ, ಊದಿಬಿಡುತ್ತಾರೆ. ಮಧುಗಿರಿಯಲ್ಲಿ ಅವರು ವಿಷಲ್ ಊದಿದರೆ ಅದು ಬೆಟ್ಟಕ್ಕೆ ಬಡಿದು ಇನ್ನೊಂದು ಸಲ ಕೇಳಿಸುತ್ತದೆ. ಮನುಷ್ಯನ ಜೊತೆ ವಾದ ಮಾಡಬಹುದು, ಬೆಟ್ಟದ ಜೊತೆ ಹೇಗೆ ಮಾಡುವುದು!

ಮಾವ ಎಂದರೆ ನನ್ನ ಅಮ್ಮನ ಅಣ್ಣ, ವೃತ್ತಿಯಿಂದ ಪಿ.ಟಿ. ಮೇಷ್ಟ್ರು. ಅವರ ಕೊರಳಿನಲ್ಲಿ ಎರಡು ದಾರ. ಒಂದರಲ್ಲಿ ವಿಷಲ್, ಇನ್ನೊಂದರಲ್ಲಿ ಸ್ಟಾಪ್‌ವಾಚ್. ಸ್ಕೂಟರಿನ ಡಿಕ್ಕಿಯಲ್ಲಿ ಉದ್ದ ಜಿಗಿತ ಅಳೆಯುವ ಟೇಪು ಮತ್ತು ಅಂಕಣದ ಗೆರೆ ಎಳೆಯಲು ಒಂದು ಚೀಲ ಸುಣ್ಣದ ಪುಡಿ. ಮದುವೆಯ ದಿನ ತಾಳಿ ಕಟ್ಟಿದ ಕೂಡಲೇ ವಾದ್ಯದವರಿಗಿಂತ ಮೊದಲು ಇವರ ವಿಷಲ್ ಕೇಳಿಸಿತಂತೆ. ಇದು ಅತ್ತೆ ಹೇಳುವ ಕಥೆ. ನಾನು ಆಗ ಹುಟ್ಟಿರಲಿಲ್ಲವಾದ್ದರಿಂದ ಪ್ರಮಾಣ ಮಾಡಲಾರೆ. ಆದರೆ ಸ್ಟಾಪ್‌ವಾಚ್ ಒತ್ತುವುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಹಾಲು ಉಕ್ಕಲು ಎಷ್ಟು ಹೊತ್ತು, ನಲ್ಲಿಯಲ್ಲಿ ಕೊಡ ತುಂಬಲು ಎಷ್ಟು ಹೊತ್ತು, ಅತ್ತೆ ತಮ್ಮ ತಂಗಿಗೆ ಫೋನಿನಲ್ಲಿ "ಸರಿ, ಇಡ್ತೀನಿ ಕಣೇ" ಎಂದ ಮೇಲೆ ನಿಜವಾಗಿ ಇಡಲು ಎಷ್ಟು ಹೊತ್ತು, ಎಲ್ಲಕ್ಕೂ ಮಾವನ ಬಳಿ ದಾಖಲೆಯಿದೆ. ಕೊನೆಯದು ಪ್ರತಿ ವಾರ ಮುರಿಯುವ ದಾಖಲೆ.

ನನ್ನ ನೆನಪಿನಲ್ಲಿ ಮಾವ ಹುಟ್ಟಿದಾಗಿನಿಂದಲೂ ಆ ಎರಡೂ ದಾರ ಅವರ ಕೊರಳಲ್ಲಿವೆ. ನೆನಪನ್ನು ಸುಲಭಕ್ಕೆ ನಂಬಬಾರದು ಎಂದು ಇತಿಹಾಸದ ಎಂ.ಎ. ತರಗತಿಯಲ್ಲಿ ನಮಗೆ ಪಾಠ ಮಾಡಿದ್ದರು. ನಾನು ಅದನ್ನು ಪರೀಕ್ಷೆಯಲ್ಲಿ ಬರೆದು ಪಾಸೂ ಆದೆ. ಅದು ನಿಜವೆಂದು ಗೊತ್ತಾದದ್ದು ಮಾವನ ಕೊರಳಿನಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಸೀಮೆಗೆ ಒಂದು ವಿಶೇಷವಿದೆ. ಕಂದಾಯಕ್ಕೆ ತುಮಕೂರು ಜಿಲ್ಲೆಯಾದರೂ ಶಾಲೆಗಳ ಮಟ್ಟಿಗೆ ಮಧುಗಿರಿಯೇ ಒಂದು ಜಿಲ್ಲೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿದ ಶೈಕ್ಷಣಿಕ ಜಿಲ್ಲೆ. ಎರಡನೇ ಅಲೆ ಇಳಿದು, ಶಾಲೆಗಳನ್ನು ತರಗತಿ ತರಗತಿಯಾಗಿ ತೆರೆಯಬಹುದು ಎಂಬ ಸುತ್ತೋಲೆ ಬಂದಾಗ, ಅದನ್ನು ನಮ್ಮ ಕಟ್ಟಡಗಳಿಗೆ, ನಮ್ಮ ಮಕ್ಕಳಿಗೆ ಹೊಂದುವಂತೆ ಬಿಡಿಸಿ ಬರೆಯುವ ಕೆಲಸವೊಂದು ಬಂತು. ಸಭೆಯಲ್ಲಿ "ಯಾರು ಬರೀತೀರಿ?" ಎಂದು ಕೇಳಿದಾಗ ಎಲ್ಲರೂ ತಟ್ಟೆಯಲ್ಲಿದ್ದ ಬಿಸ್ಕತ್ತಿನ ಕಡೆ ಆಳವಾಗಿ ನೋಡಿದರಂತೆ. ಮಾವ ಒಬ್ಬರೇ ಕೈ ಎತ್ತಿದರು. ತಾಲ್ಲೂಕು ಕ್ರೀಡಾಕೂಟ ನಡೆಸಿ ನಡೆಸಿ ನಾಲ್ಕೂ ತಾಲ್ಲೂಕಿನ ಶಾಲೆಗಳ ಅಂಗಳ ಅವರಿಗೆ ಅಂಗೈ ಇದ್ದ ಹಾಗೆ. ಯಾವ ಶಾಲೆಯ ನಲ್ಲಿಯಲ್ಲಿ ನೀರು ಬರುತ್ತದೆ, ಯಾವುದರಲ್ಲಿ ಬರೀ ಗಾಳಿ ಬರುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಒಂದೇ ತೊಂದರೆ, ಬರೆಯುವುದು ಅವರಿಗೆ ಬಾರದು.

"ಬರೆಯೋಕೆ ನಮ್ಮ ಸೊಸೆ ಅವ್ಳೆ" ಎಂದು ಅಲ್ಲೇ ಹೇಳಿಬಂದರು. ಸೊಸೆ ಎಂದರೆ ನಾನು, ತಂಗಿಯ ಮಗಳು. ಅತಿಥಿ ಉಪನ್ಯಾಸಕಿಯಾಗಿದ್ದ ಕಾಲೇಜು ಮುಚ್ಚಿ, ಮಾವನ ಮನೆಯ ಜಗಲಿಯಲ್ಲಿ ದಿನಚರಿ ಬರೆದುಕೊಂಡು ಕೂತಿದ್ದವಳು. ನನ್ನನ್ನು ಯಾರೂ ಕೇಳಲಿಲ್ಲ. ವಿಷಲ್ ಊದಿದರು, ಪೆನ್ನು ಹಿಡಿದೆ.

ಇನ್ನೊಂದು ಕಾಗದದ ವಿಷಯವನ್ನು ಈಗಲೇ ಹೇಳಬೇಕು. ಮಾವನ ಮಗಳು ಜಿಲ್ಲಾಸ್ಪತ್ರೆಯೊಂದರಲ್ಲಿ ನರ್ಸು, ಅಳಿಯ ಪೊಲೀಸು. ಇಬ್ಬರಿಗೂ ಆ ಎರಡು ವರ್ಷ ಬಿಡುವೆಂಬುದೇ ಇರಲಿಲ್ಲ. ಅವರ ಮಗಳು ಇಂಚರ ಮಾವನ ಮನೆಯಲ್ಲೇ ಬೆಳೆದು, ಮಧುಗಿರಿಯ ಶಾಲೆಯಲ್ಲೇ ಆರನೇ ತರಗತಿಗೆ ಬಂದಿದ್ದಳು. ಶಾಲೆಯ ದಾಖಲೆಯಲ್ಲಿ ಪೋಷಕರೆಂದರೆ ಮಾವ. ಇವಳು ನಾಲ್ಕು ವರ್ಷದವಳಿದ್ದಾಗ ಎದೆಯಲ್ಲಿ ಕಫ ಕಟ್ಟಿ ತುಮಕೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದ್ದವಳು. ಮಗುವನ್ನು ಶಾಲೆಗೆ ಕಳಿಸಲು ಒಪ್ಪಿಗೆಯಿದೆ ಎಂದು ಪೋಷಕರು ಸಹಿ ಮಾಡಿದ ಪತ್ರವಿಲ್ಲದೆ ಯಾವ ಮಗುವನ್ನೂ ಸೇರಿಸುವಂತಿರಲಿಲ್ಲ. ಇಂಚರಳ ಪತ್ರ ಎಲ್ಲರಿಗಿಂತ ಮೊದಲೇ ಮನೆಗೆ ಬಂದಿತ್ತು. ಮಾವ ಅದನ್ನು ನಾಲ್ಕಾಗಿ ಮಡಚಿ ಷೋಕೇಸಿನಲ್ಲಿದ್ದ ಹಳೆಯ ಟ್ರೋಫಿಯ ಒಳಗೆ ಇಟ್ಟರು. ಸಹಿ ಹಾಕಲಿಲ್ಲ.

"ತಾತ, ಸೈನು?" ಎಂದು ಅವಳು ದಿನಾ ಕೇಳುವಳು.

"ಪ್ಲಾನ್ ಇನ್ನಾ ಕರಡು ಕಣಮ್ಮ. ಫೈನಲ್ ಆಗ್ಲಿ" ಎನ್ನುವರು.

ನಾನು ಮೊದಲು ಇದನ್ನು ಸರ್ಕಾರಿ ನೌಕರನ ಶಿಸ್ತು ಎಂದುಕೊಂಡೆ. ಆದರೆ ಕರಡುಗಳು ಹುಟ್ಟುತ್ತಲೇ ಹೋದವು. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಮಾವನಿಗೆ ಅದರಲ್ಲೊಂದು ತೂತು ಕಾಣಿಸುವುದು. ಗಂಟೆ ಹೊಡೆದಾಗ ಮಕ್ಕಳು ಒಟ್ಟಿಗೆ ನುಗ್ಗಿದರೆ? ಬೇರೆ ಬೇರೆ ತರಗತಿಗೆ ಬೇರೆ ಗಂಟೆ ಎಂದು ಬರೆಸಿದರು. ಬೇರೆ ಗಂಟೆ ಹೊಡೆದರೂ ಮಕ್ಕಳು ಎಲ್ಲಕ್ಕೂ ಎದ್ದರೆ? ಗಂಟೆಯೇ ಬೇಡ ಎಂದು ಬರೆಸಿದರು. ಗಂಟೆಯೇ ಇಲ್ಲದಿದ್ದರೆ ಮೇಷ್ಟ್ರು ಪಾಠ ನಿಲ್ಲಿಸುವುದು ಯಾವಾಗ ಎಂದು ನಾನು ಕೇಳಿದೆ. ಮಾವ ಐದು ನಿಮಿಷ ಯೋಚಿಸಿದರು (ಸ್ಟಾಪ್‌ವಾಚಿನ ಪ್ರಕಾರ). ಆಮೇಲೆ ಗಂಟೆಯನ್ನು ಮತ್ತೆ ಸೇರಿಸಿದೆವು.

ಯೋಜನೆಯ ಹೃದಯವೆಂದರೆ ತರಗತಿಯಲ್ಲಿ ಕೂರಿಸುವ ಕ್ರಮ. ಅದರ ಬಗ್ಗೆ ಮಾವನಿಗೆ ಲವಲೇಶ ಸಂಶಯವಿರಲಿಲ್ಲ. ಖೋ ಖೋ! ಆ ಆಟದಲ್ಲಿ ಅಟ್ಟಿಸುವ ತಂಡದವರು ಸಾಲಾಗಿ ಕೂರುತ್ತಾರಲ್ಲ, ಒಬ್ಬ ಈ ಕಡೆ ಮುಖ, ಪಕ್ಕದವನು ಆ ಕಡೆ ಮುಖ, ಹಾಗೆ. ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ತಾಗುವ ಮಾತೇ ಇಲ್ಲ. "ನಮ್ಮ ಹಿರೀಕರು ಕೊರೊನಾ ಬತ್ತದೆ ಅಂತ ಯಾವತ್ತೋ ಗೊತ್ತಿಟ್ಕೊಂಡೇ ಈ ಆಟ ಮಾಡವ್ರೆ" ಎಂದು ಮಾವ ಹೇಳಿದರು. ಇದನ್ನು ಯೋಜನೆಯ ಪೀಠಿಕೆಯಲ್ಲಿ ಬರೆಯಬೇಕೆಂದು ಹಟ ಹಿಡಿದರು. ನಾನು ಇತಿಹಾಸ ಓದಿದವಳು, ಬರೆಯಲಿಲ್ಲ. ಬರೆದಿದ್ದೇನೆಂದು ಹೇಳಿದೆ.

ಇದರ ಪ್ರಯೋಗ ಕೊರಟಗೆರೆ ಕಡೆಯ ಒಂದು ಶಾಲೆಯಲ್ಲಿ ನಡೆಯಿತು. ಮಕ್ಕಳು ಇನ್ನೂ ಬಂದಿರಲಿಲ್ಲವಾದ್ದರಿಂದ ಮೇಷ್ಟ್ರು, ಮೇಡಮ್ಮುಗಳನ್ನೇ ಕೂರಿಸಿದರು. ನೆಲದ ಮೇಲೆ ಸುಣ್ಣದ ವೃತ್ತಗಳು. ಒಂದು ವೃತ್ತದವರು ಬೋರ್ಡಿನ ಕಡೆ, ಪಕ್ಕದ ವೃತ್ತದವರು ಹಿಂದಿನ ಗೋಡೆಯ ಕಡೆ. ಮುಖ್ಯ ಮೇಷ್ಟ್ರು ಸಜ್ಜನರು, ಮೆಲ್ಲಗೆ ಕೇಳಿದರು: "ಸಾರ್, ಅರ್ಧ ಮಕ್ಳು ಬೋರ್ಡಿಗೆ ಬೆನ್ನು ಮಾಡ್ತವಲ್ಲ?"

"ಮುಖ ಮಾಡ್ಕೊಂಡಿದ್ದಾಗ ಏನು ಕಡ್ದು ಗುಡ್ಡೆ ಹಾಕಿದ್ರು?" ಎಂದರು ಮಾವ. ಆಮೇಲೆ ಸ್ವಲ್ಪ ಇಳಿದು ಬಂದು, ಹಿಂದಿನ ಗೋಡೆಗೂ ಒಂದು ಬೋರ್ಡು ಹಾಕಿದರೆ ಆಯಿತು, ಮೇಷ್ಟ್ರು ಅತ್ತಿಂದಿತ್ತ ಓಡಾಡಿದರೆ ಅವರ ಆರೋಗ್ಯಕ್ಕೂ ಒಳ್ಳೆಯದು ಎಂದರು. ಮಾಡಿ ತೋರಿಸುತ್ತೇನೆಂದು ಸಾಲಿನ ಪಕ್ಕದಲ್ಲಿ ಪಾಠ ಮಾಡುತ್ತಾ ನಡೆದರು. ಮೂವತ್ತು ವರ್ಷದ ಅಭ್ಯಾಸ ನೋಡಿ, ಕೈ ಸುಮ್ಮನಿರಲಿಲ್ಲ. ಹೋಗುತ್ತಾ ಹೋಗುತ್ತಾ ಗಣಿತದ ಮೇಡಮ್ಮಿನ ಬೆನ್ನು ತಟ್ಟಿ "ಖೋ!" ಎಂದುಬಿಟ್ಟರು. ಆ ಮೇಡಮ್ಮು ಕಾಲೇಜಿನಲ್ಲಿ ಆಡಿದವರಂತೆ! ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದವರೇ ಕೋಣೆಯನ್ನು ಒಂದು ಸುತ್ತು ಹಾಕಿ, ಕಿಟಕಿಯ ಹತ್ತಿರ ಕಾಫಿ ಕುಡಿಯುತ್ತಾ ನಿಂತಿದ್ದ ವಿಜ್ಞಾನದ ಮೇಷ್ಟ್ರ ಭುಜ ಮುಟ್ಟಿದರು. ಕಾಫಿ ವೃತ್ತದೊಳಗೆ ಬಿತ್ತು, ಲೋಟ ಹೊರಗೆ ಬಿತ್ತು.

ಎಲ್ಲರೂ ಮಾವನನ್ನೇ ನೋಡಿದರು. ಅವರು ಧೃತಿಗೆಡುವವರೇ? ಉದ್ದವಾಗಿ ವಿಷಲ್ ಊದಿ, "ನೋಡಿದ್ರಾ? ಮುಟ್ಟಿದ್ರೆ ಔಟು. ಇದೇ ಕೊರೊನಾ. ಮಕ್ಳಿಗೆ ಇಂಗೇ ಹೇಳ್ಕೊಡ್ಬೇಕು" ಎಂದರು. ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು ಎಂದು ನನ್ನ ನೆನಪು. ದಿನಚರಿಯಲ್ಲಿ "ಯಾರೂ ಮಾತಾಡಲಿಲ್ಲ" ಎಂದಿದೆ. ಎರಡೂ ನಿಜವಿರಬಹುದು.

ಇನ್ನು ಸಿರಾದ ಮಾಸ್ಕಿನ ಕಥೆ. ಅಲ್ಲಿ ಮಾವನಿಗೆ ಬಹುಕಾಲದ ಸ್ನೇಹಿತರಾದ ಒಬ್ಬ ಟೈಲರ್ ಸಾಹೇಬರಿದ್ದಾರೆ. ಕ್ರೀಡಾಕೂಟಗಳ ಬನಿಯನ್ನಿಗೆಲ್ಲ ನಂಬರು ಹೊಲಿದು ಕೊಟ್ಟವರು. ಹತ್ತನೇ ತರಗತಿಯ ಮಕ್ಕಳು ಆಗಲೇ ಬರತೊಡಗಿದ್ದರು. ಮಾಸ್ಕು ಹಾಕಿದ ಮೇಲೆ ಯಾರು ಯಾರೆಂದು ಮೇಷ್ಟ್ರುಗಳಿಗೆ ಗೊತ್ತಾಗುತ್ತಿರಲಿಲ್ಲ. ಒಬ್ಬನ ಹಾಜರಿಗೆ ಇನ್ನೊಬ್ಬ "ಎಸ್ ಸಾರ್" ಎನ್ನುತ್ತಿದ್ದ. ಮಾವ ಇದಕ್ಕೆ ಕಂಡುಹಿಡಿದ ಔಷಧ, ಮಾಸ್ಕಿನ ಮೇಲೆ ನಂಬರು.

"ಮಾಸ್ಟರ್ ಸಾಬ್, ಬೆನ್ ಮೇಲೆ ನಂಬರ್ ಹಾಕ್ದೆ, ಎದೆ ಮೇಲೆ ಹಾಕ್ದೆ. ಮೂಗಿನ್ ಮೇಲೆ ನಂಬರಾ? ಬಿಲ್ಕುಲ್ ಹೊಸಾದು" ಎಂದು ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ಆದರೂ ಸಮವಸ್ತ್ರದ ಉಳಿದ ಬಟ್ಟೆಯಲ್ಲಿ ಮೂರು ಪದರದ ಮಾಸ್ಕು ಹೊಲಿದು, ಒಂದರಿಂದ ನಲವತ್ತರವರೆಗೆ ನಂಬರು ಹಾಕಿಕೊಟ್ಟರು. ಹೊಲಿಗೆ ಎಷ್ಟು ಗಟ್ಟಿಯೆಂದರೆ ನಾವು ಸಾಯಬಹುದು, ಮಾಸ್ಕು ಹರಿಯದು.

ಎರಡೇ ದಿನ. ಮೂರನೆಯ ದಿನ ಹೋಗಿ ನೋಡಿದರೆ ತರಗತಿಯಲ್ಲಿ ಸಂತೆ ನಡೆಯುತ್ತಿದೆ! ಹುಡುಗರಿಗೆಲ್ಲ ಹದಿನೆಂಟನೇ ನಂಬರೇ ಬೇಕು. ಕ್ರಿಕೆಟ್ಟಿನ ಹುಚ್ಚು, ಇಂಡಿಯಾ ಕ್ಯಾಪ್ಟನ್ನಿನ ಬೆನ್ನ ಮೇಲಿದ್ದ ನಂಬರು ಅದು. ಹದಿನೆಂಟು ಬಂದವನು ಅದನ್ನು ಒಂದು ದಿನಕ್ಕೆ ಬಾಡಿಗೆ ಕೊಡುತ್ತಿದ್ದ. ಬೆಳಗ್ಗೆ ಒಬ್ಬನ ಮೂಗಿನ ಮೇಲಿದ್ದದ್ದು ಮಧ್ಯಾಹ್ನ ಇನ್ನೊಬ್ಬನ ಮೂಗಿನ ಮೇಲೆ. ಯಾವುದು ಆಗಲೇಬಾರದು ಎಂದು ಮಾಸ್ಕು ಹೊಲಿಸಿದ್ದೆವೋ ಅದನ್ನೇ ನಂಬರು ಹಾಕಿ ವ್ಯವಸ್ಥೆ ಮಾಡಿಕೊಟ್ಟಿದ್ದೆವು. ನಾನು ಇಷ್ಟರಲ್ಲಿ ಮಾವ ಸೋಲೊಪ್ಪಿಕೊಳ್ಳುತ್ತಾರೆಂದು ಪೆನ್ನು ತೆಗೆದೆ. ಮಾವ ನೇರ ಟೈಲರಂಗಡಿಗೆ ಹೋದರು.

"ಸಾಹೇಬ್ರೇ, ಎಲ್ಲಾದ್ರ ಮೇಲೂ ಹದಿನೆಂಟು ಹೊಲ್ದುಬುಡಿ."

ಸಾಹೇಬರು ಹೊಲಿಗೆ ಯಂತ್ರ ನಿಲ್ಲಿಸಿದರು. "ನಲವತ್ತೂ?"

"ನಲವತ್ತೂ. ಹೆಣ್ಮಕ್ಳಿಗೂ."

ಅವತ್ತಿನಿಂದ ಆ ತರಗತಿಯಲ್ಲಿ ಮಾಸ್ಕಿನ ವ್ಯಾಪಾರ ನಿಂತುಹೋಯಿತು. ಹಾಜರಿ ಮೊದಲಿನಂತೆಯೇ ಗೋಜಲಾಯಿತು. ಅದು ಬೇರೆ ವಿಭಾಗದ ವಿಷಯ ಎಂದು ಮಾವ ಹೇಳಿದರು.

ಹೀಗೆ ಮೂರು ತಾಲ್ಲೂಕು ಮುಗಿದವು. ಆರನೇ ತರಗತಿ ತೆರೆಯುವ ದಿನ ಹತ್ತಿರ ಬಂತು. ಟ್ರೋಫಿಯೊಳಗಿನ ಪತ್ರ ಟ್ರೋಫಿಯೊಳಗೇ ಇತ್ತು. ಇಂಚರ ತನ್ನ ಪುಸ್ತಕಗಳಿಗೆಲ್ಲ ರಟ್ಟು ಹಾಕಿಕೊಂಡಳು, ಬೂಟಿಗೆ ಪಾಲಿಶ್ ಹಾಕಿಕೊಂಡಳು, ಆ ಬೂಟು ಕಾಲಿಗೆ ಹಿಡಿಯುತ್ತಿಲ್ಲವೆಂದು ಅತ್ತೆಯ ಹತ್ತಿರ ಹೊಸದು ತರಿಸಿಕೊಂಡಳು. ಅವಳ ಅಮ್ಮ ಫೋನಿನಲ್ಲಿ "ಅಪ್ಪ, ನೀವು ಹೆಂಗೆ ಹೇಳ್ತೀರೋ ಅಂಗೆ" ಎಂದಳು. ಅತ್ತೆ ಮಾತ್ರ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, ಊರ ಮಕ್ಕಳಿಗೆಲ್ಲ ವಿಷಲ್ ಊದಿ ಕರೆಯುತ್ತೀರಿ, ಮನೆಯ ಮಗುವಿನ ಕಾಗದಕ್ಕೆ ಸೈನ್ ಹಾಕಲು ಪೆನ್ನಿನಲ್ಲಿ ಇಂಕಿಲ್ಲವೇ ಎಂದು ಕೇಳಿದರು. ಮಾವ ಸ್ಟಾಪ್‌ವಾಚ್ ಒತ್ತಿ, ರೊಟ್ಟಿ ಬೇಯಲು ಎಷ್ಟು ಹೊತ್ತು ಎಂದು ನೋಡತೊಡಗಿದರು.

ಪಾವಗಡದ ಕಡೆ ಒಂದು ಹಳ್ಳಿಯಿಂದ ಫೋನು ಬಂದದ್ದು ಅವತ್ತೇ. ಶಾಲೆಯ ಎಲ್ಲ ಪೋಷಕರೂ ಒಪ್ಪಿಗೆ ಪತ್ರ ಕೊಟ್ಟಿದ್ದಾರೆ, ಒಬ್ಬ ಅಜ್ಜಿ ಮಾತ್ರ ಹೆಬ್ಬೆಟ್ಟು ಒತ್ತುತ್ತಿಲ್ಲ, ನೀವೇ ಬಂದು ಒಂದು ಮಾತು ಹೇಳಬೇಕು ಎಂದು ಅಲ್ಲಿನ ಮೇಷ್ಟ್ರು ಕೇಳಿಕೊಂಡರು. ಮಾವನಿಗೆ ಇಂಥದ್ದೆಂದರೆ ಹಬ್ಬ. ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೊರಟರು.

ರಾಯಚರ್ಲು ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಬ್ರೇಕು ಹಾಕಿದರು. ರಸ್ತೆಯ ಎರಡೂ ಬದಿಗೆ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳು. ಮಾವ ಸ್ಕೂಟರ್ ನಿಲ್ಲಿಸಿ, ಟೇಪು ತೆಗೆದು, ಬೇಲಿಯ ಹತ್ತಿರ ನಿಂತುಬಿಟ್ಟರು.

"ಲೇ, ನೋಡ್ಲಾ ಇಲ್ಲಿ" ಎಂದರು. ಉತ್ಸಾಹ ಬಂದಾಗ ಮಾವನಿಗೆ ನಾನು ಹುಡುಗಿ ಎಂಬುದು ಮರೆತುಹೋಗುತ್ತದೆ. "ಒಂದಾದ್ರೂ ಇನ್ನೊಂದಕ್ಕೆ ತಾಗ್ಕೊಂಡೈತಾ? ಒಂದಾದ್ರೂ ಹಿಂದಕ್ಕೆ ತಿರುಗೈತಾ? ಎಲ್ಲಾ ಒಂದೇ ಕಡೀಗೆ ಮುಖ. ಒಂದ್ರ ನೆರಳು ಇನ್ನೊಂದ್ರ ಮ್ಯಾಲೆ ಬೀಳಲ್ಲ. ಇಂಗೆ ಕೂರ್ಸಿದ್ರೆ ಮಕ್ಳು ಬೋರ್ಡೂ ನೋಡ್ತವೆ!"

ಮಕ್ಕಳನ್ನು ಬೋರ್ಡಿನ ಕಡೆ ಮುಖ ಮಾಡಿ ಕೂರಿಸಬೇಕು ಎಂಬ ಸತ್ಯವನ್ನು ಮಾವ ಹೀಗೆ ಸಾವಿರಾರು ಎಕರೆ ನೋಡಿ ಕಂಡುಕೊಂಡರು. ಅಲ್ಲೇ ನಿಂತು ಖೋ ಖೋ ಹೊಡೆದುಹಾಕಿಸಿ, ಸೋಲಾರ್ ಬರೆಸಿದರು. ಇದು ಏಳನೆಯ ಕರಡು. ಇನ್ನು ಇದರಲ್ಲಿ ತೂತೇ ಇಲ್ಲ ಎಂದು ಮಾವ ಘೋಷಿಸಿದರು. ನನಗೂ ಹಾಗೇ ಅನ್ನಿಸಿತು.

ಅಜ್ಜಿ ಮನೆ ಮುಂದೆ ಹುಣಿಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಮಗ ಸೊಸೆ ಇಬ್ಬರೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಆರನೇ ತರಗತಿಯ ಮೊಮ್ಮಗಳನ್ನು ಇವರ ಹತ್ತಿರ ಬಿಟ್ಟಿದ್ದಾರೆ ಎಂದು ಮೇಷ್ಟ್ರು ಹೇಳಿದರು. ಮಾವ ನಮಸ್ಕಾರ ಮಾಡಿ ಕೆಲಸಕ್ಕಿಳಿದೇಬಿಟ್ಟರು. ಟೇಪು ಹಿಡಿದು ಅಂಗಳ ಅಳೆದರು. ಸುಣ್ಣದ ಪುಡಿಯಲ್ಲಿ ವೃತ್ತಗಳನ್ನು ಹಾಕಿದರು. ಮಗು ಹೀಗೆ ಬರುತ್ತದೆ, ಇಲ್ಲಿ ಕೈ ತೊಳೆಯುತ್ತದೆ, ಇಲ್ಲಿ ಕೂರುತ್ತದೆ, ಸೋಲಾರ್ ಫಲಕದಂತೆ ಮುಂದಕ್ಕೆ ನೋಡುತ್ತದೆ ಎಂದು ಪ್ರತಿಯೊಂದು ವೃತ್ತದಲ್ಲೂ ತಾವೇ ಕೂತು ಎದ್ದು ತೋರಿಸಿದರು. ಅಜ್ಜಿ ಹುಣಿಸೆ ಬಿಡಿಸುವುದನ್ನು ನಿಲ್ಲಿಸಿ ಪೂರ್ತಿ ನೋಡಿದರು.

"ಬಾಗುಂದಿ ಸಾರೂ, ಚೆನ್ನಾಗೈತೆ" ಎಂದರು, ಆ ಸೀಮೆಯ ತೆಲುಗು ಬೆರೆತ ಕನ್ನಡದಲ್ಲಿ. "ಇದಕ್ಕೆ ಏನಾನ ಆದ್ರೆ ಅವ್ರಪ್ಪ ಅವ್ರಮ್ಮಂಗೆ ನಾನೇನಂತ ಹೇಳ್ಲಿ? ಅದು ಹೇಳ್ಬುಡಿ ನೀವು."

ಮಾವ ಬಾಯಿ ತೆರೆದರು. ಅಜ್ಜಿ ಬಿಡಲಿಲ್ಲ. "ನಿಮ್ಮಿಂಟ್ಲೋ, ನಿಮ್ಮನೇಗೆ, ಇಂಥ ಕೂಸು ಐತಾ?"

"ಐತೆ. ಆರನೇ ಕ್ಲಾಸೇ."

"ಕಾಗ್ದಕ್ಕೆ ಸೈನ್ ಹಾಕಿದ್ದೀರಾ?"

ನಾನು ಮಾವನನ್ನು ನೋಡಿದೆ. ಅವರ ಕೈ ಅಭ್ಯಾಸದಂತೆ ವಿಷಲಿಗೆ ಹೋಯಿತು, ಅದನ್ನು ಮುಟ್ಟಿ, ಕೆಳಗಿಳಿಯಿತು. "ಇನ್ನಾ ಇಲ್ಲ" ಎಂದರು.

"ಅಂಗಾರೆ ಹಾಕ್ಕೊಂಡು ಬನ್ನಿ ಸಾರೂ. ನಾನೂ ಒತ್ತುತೀನಿ" ಎಂದು ಅಜ್ಜಿ ಮತ್ತೆ ಹುಣಿಸೆಹಣ್ಣಿಗೆ ಕೈ ಹಾಕಿದರು. ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ. ವಾಪಸ್ಸು ಬರುವ ದಾರಿಯಲ್ಲಿ ಮಿಡಿಗೇಶಿಯಲ್ಲಿ ಟೀ ಕುಡಿಯಲು ನಿಂತಾಗ ನಾನು ಮಾವನಿಗೆ ಖಡಕ್ಕಾಗಿ ನಾಲ್ಕು ಮಾತು ಹೇಳಿದೆ, ಅವರು ತಲೆ ತಗ್ಗಿಸಿ ಕೇಳಿದರು, ಮನೆಗೆ ಬಂದವರೇ ಸಹಿ ಹಾಕಿದರು ಎಂದು. ಮದುವೆ ಮನೆಗಳಲ್ಲಿ ಈ ಕಥೆಗೆ ಒಳ್ಳೆಯ ಬೇಡಿಕೆಯಿದೆ. ನಾನು ಆಡಿದ ಮಾತುಗಳು ಸಹ ನನಗೆ ಪೂರ್ತಿ ನೆನಪಿವೆ, ಬಹಳ ಚೆನ್ನಾಗಿದ್ದವು. ಇದನ್ನು ಬರೆಯಲು ಕೂತಾಗ, ಇರಲಿ ಎಂದು ಆ ದಿನದ ಪುಟ ತೆಗೆದು ನೋಡಿದೆ. "ಮಿಡಿಗೇಶಿಯಲ್ಲಿ ಟೀ. ಇಬ್ಬರೂ ಮಾತಾಡಲಿಲ್ಲ. ಮಾವ ಸಕ್ಕರೆ ಕಲಕುವುದನ್ನು ಮರೆತು ಕುಡಿದರು" ಎಂದಿದೆ. ಅಷ್ಟೇ. ನನ್ನ ನಾಲ್ಕು ಮಾತುಗಳು ಎಲ್ಲಿಂದ ಬಂದವೋ ಕಾಣೆ.

ನಿಜವಾಗಿ ನಡೆದದ್ದು ಮಾರನೆಯ ದಿನ, ಊಟವಾದ ಮೇಲೆ. ನಾನು ಏಳನೆಯ ಕರಡನ್ನು ನಕಲು ಮಾಡಲು ಕಾಗದ ಹುಡುಕುತ್ತಾ ನಡುಮನೆಗೆ ಬಂದೆ. ಇಂಚರ ಚಾಪೆಯ ಮೇಲೆ ಮಲಗಿದ್ದಳು. ಮಾವ ಅವಳ ಪಕ್ಕ ನೆಲದ ಮೇಲೆ ಕೂತು, ಸ್ಟಾಪ್‌ವಾಚ್ ಹಿಡಿದು, ಅವಳ ಎದೆಯನ್ನೇ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಮಗುವಿನ ನಿದ್ದೆಗೂ ದಾಖಲೆಯೇ ಎಂದು ನಗು ಬಂತು. ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ನಗಲಿಲ್ಲ.

ತುಮಕೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಮಾವನಿಗೆ ಒಂದು ಕೆಲಸ ಹೇಳಿದ್ದರಂತೆ. ಮಗು ಮಲಗಿದ್ದಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಂದು ಎಣಿಸಿ, ಇಂತಿಷ್ಟು ಮೀರಿದರೆ ಕೂಡಲೇ ಕರೆತನ್ನಿ, ಒಂದು ವಾರ ನೋಡಿಕೊಳ್ಳಿ ಎಂದು. ಅಲ್ಲಿಯವರೆಗೆ ಸ್ಟಾಪ್‌ವಾಚ್ ಶಾಲೆಯ ಬೀರುವಿನಲ್ಲಿರುತ್ತಿತ್ತು, ಕ್ರೀಡಾಕೂಟಕ್ಕೆ ಮಾತ್ರ ಹೊರಗೆ ಬರುತ್ತಿತ್ತು. ಅವತ್ತು ಅಂಗಡಿಯಲ್ಲಿ ಸ್ವಂತಕ್ಕೊಂದು ಕೊಂಡು ಕೊರಳಿಗೆ ಹಾಕಿಕೊಂಡವರು ತೆಗೆಯಲೇ ಇಲ್ಲ. ವಾರ ಹೋಯಿತು, ಏಳು ವರ್ಷ ಹೋಯಿತು. ಹಾಲು, ಕೊಡ, ಫೋನು, ಇವೆಲ್ಲ ನಡುವಿನ ಹೊತ್ತಿಗೆ.

ನಾನು ಬಾಗಿಲಿಗೆ ಬಂದು ನಿಂತೆ. ಮಾವ ಮತ್ತೊಂದು ಸಲ ಎಣಿಸುತ್ತಿದ್ದರು. ಒಂದು ನಿಮಿಷ ಮುಗಿಯಿತು, ಗುಂಡಿ ಒತ್ತಿದರು. ಇಂಚರ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಎಷ್ಟು ಬಂತು ತಾತ?"

ಮಾವ ಬೆಚ್ಚಿ, ಬಂದ ಅಂಕಿಯನ್ನು ಹೇಳಿಬಿಟ್ಟರು. "ನಿದ್ದೆ ಮಾಡ್ತಿಲ್ವೇನೇ ನೀನು?"

"ನೀನು ಎಣಿಸ್ವಾಗ ಯಾವತ್ತೂ ಮಾಡಲ್ಲ. ಅಲ್ಲಾಡುದ್ರೆ ನಿಂಗೆ ಲೆಕ್ಕ ತಪ್ತದೆ ಅಂತ ಸುಮ್ನಿರ್ತೀನಿ."

ಅವಳು ಎದ್ದು ಕೂತಳು. ಮಾವನ ಕೈಯಿಂದ ಸ್ಟಾಪ್‌ವಾಚ್ ತೆಗೆದುಕೊಂಡಳು; ದಾರ ಇನ್ನೂ ಅವರ ಕೊರಳಲ್ಲೇ ಇದ್ದದ್ದರಿಂದ ಅವರು ಸ್ವಲ್ಪ ಬಗ್ಗಬೇಕಾಯಿತು. "ಈಗ ನಿಂದು. ಅಲ್ಲಾಡ್ಬೇಡ" ಎಂದು ಅವರ ಎದೆಯ ಮೇಲೆ ಅಂಗೈ ಇಟ್ಟಳು. ನಾಲ್ಕು ತಾಲ್ಲೂಕಿನ ಶಾಲೆಗಳನ್ನು ಸಾಲಾಗಿ ನಿಲ್ಲಿಸಿದ ಮನುಷ್ಯ, ಹನ್ನೊಂದು ವರ್ಷದ ಹುಡುಗಿ ಹೇಳಿದಳೆಂದು ಒಂದು ನಿಮಿಷ ಅಲ್ಲಾಡದೆ ಕೂತರು. ಅವಳು ಬಾಯಿಬಿಟ್ಟು ಎಣಿಸಿದಳು. ಗುಂಡಿ ಒತ್ತಿದಳು.

"ನಂದಕ್ಕಿಂತ ನಿಂದೇ ಜಾಸ್ತಿ ಐತೆ ತಾತ."

ಅವಳ ಕೈ ಇನ್ನೂ ಮಾವನ ಎದೆಯ ಮೇಲೇ ಇತ್ತು. ಆಮೇಲೆ ಅವರು ಮೆಲ್ಲಗೆ ಎದ್ದು, ಷೋಕೇಸು ತೆಗೆದು, ಟ್ರೋಫಿಯನ್ನು ಬೋರಲು ಮಾಡಿದರು. ಪತ್ರದ ಜೊತೆ ಎರಡು ಗುಂಡುಸೂಜಿ, ಒಂದು ಹಳೆಯ ಬಟನ್ನು ಬಿದ್ದವು. ನನ್ನ ಪೆನ್ನು ಕೇಳಿ ತೆಗೆದುಕೊಂಡರು.

ಸಹಿ ಹಾಕಿದ ಪತ್ರವನ್ನು ಶಾಲೆಗೆ ಕೊಡುವ ಮೊದಲು ಮಾವ ಅದನ್ನು ಹಿಡಿದುಕೊಂಡು ಮತ್ತೆ ಪಾವಗಡದ ಕಡೆ ಹೊರಟರು. ನಾನೂ ಹೋದೆ. ಅಜ್ಜಿಗೆ ಓದಲು ಬಾರದು. ಮೊಮ್ಮಗಳು ಓದಿ ಹೇಳಿದಳು. ಅಜ್ಜಿ ಪತ್ರವನ್ನು ಕಣ್ಣಿನ ಹತ್ತಿರ ಹಿಡಿದು, ಸಹಿಯ ಮೇಲೆ ಬೆರಳಾಡಿಸಿದರು.

"ಗೀಟು ನಡುಗೈತೆ" ಎಂದರು. "ಹೆದರ್ಕೊಂಡೇ ಹಾಕಿದ್ದೀರ."

"ಊಂ ಕಣಮ್ಮ" ಎಂದರು ಮಾವ.

"ಸರಿ. ಇಂಕು ಕೊಡಿ."

ಆರನೇ ತರಗತಿ ತೆರೆದ ದಿನ ಮಾವ ಇಂಚರಳ ಶಾಲೆಯ ಗೇಟಿನಾಚೆ ತಮಗೊಂದು ವೃತ್ತ ಬರೆದುಕೊಂಡು ಅದರೊಳಗೆ ನಿಂತರು. ಮಕ್ಕಳು ಒಬ್ಬೊಬ್ಬರಾಗಿ, ವೃತ್ತದಿಂದ ವೃತ್ತಕ್ಕೆ, ಅಂತರ ಬಿಟ್ಟು ಒಳಗೆ ಹೋಗಬೇಕು. ಮುಂದೆ ಹೋಗಲು ಸೂಚನೆ, ಮಾವನ ವಿಷಲ್. ಎಲ್ಲ ಸಿದ್ಧವಾಯಿತು. ಮಾವ ವಿಷಲನ್ನು ಬಾಯಿಗೆ ತಂದರು. ಮಾಸ್ಕು ಅಡ್ಡ ಬಂತು! ಏಳು ಕರಡಿನಲ್ಲೂ ಯಾರಿಗೂ ಹೊಳೆಯದ ತೂತು ಅದು. ಶಾಲೆಯ ಆವರಣದ ಸುತ್ತಮುತ್ತ ಯಾವ ಕಾರಣಕ್ಕೂ ಮಾಸ್ಕು ತೆಗೆಯತಕ್ಕದ್ದಲ್ಲ ಎಂದು ಬರೆಸಿದವರು ಅವರೇ, ಬರೆದವಳು ನಾನೇ. ಮಾವ ನನ್ನ ಕಡೆ ನೋಡಿದರು. ನಾನು ಬೆಟ್ಟದ ಕಡೆ ನೋಡಿದೆ. ಕೊನೆಗೆ ವಿಷಲನ್ನು ಅಂಗಿಯೊಳಗೆ ಬಿಟ್ಟುಕೊಂಡು, ಎರಡು ಕೈಯಿಂದ ಚಪ್ಪಾಳೆ ತಟ್ಟಿದರು. ಒಂದು ಚಪ್ಪಾಳೆಗೆ ಒಂದು ಮಗು. ಇಂಚರಳ ಸರದಿ ಬಂದಾಗ ಚಪ್ಪಾಳೆ ಸ್ವಲ್ಪ ತಡವಾಯಿತು ಎಂದು ನನಗೆ ಅನ್ನಿಸಿತು. ದಿನಚರಿಯಲ್ಲಿ ಅದರ ಬಗ್ಗೆ ಏನೂ ಇಲ್ಲ.

ಮಾವ ಈಗಲೂ ಬಾಗಿಲಿಗೆ ಅಡ್ಡ ನಿಂತು ಕಥೆ ಹೇಳುತ್ತಾರೆ. ಅದರಲ್ಲಿ ಖೋ ಖೋ ಇದೆ, ಹದಿನೆಂಟನೇ ನಂಬರಿದೆ, ರಾಯಚರ್ಲಿನ ಫಲಕಗಳಿವೆ. ಚಾಪೆಯ ಮೇಲಿನ ಆ ಎರಡು ನಿಮಿಷ ಇಲ್ಲ. ನಾನೂ ಅದನ್ನು ಮರೆತೇಬಿಟ್ಟಿದ್ದೆನೋ ಏನೋ. ಆ ದಿನದ ಪುಟದಲ್ಲಿ ನಾನು ವಾಕ್ಯಗಳನ್ನೇ ಬರೆದಿಲ್ಲ. ಪುಟದ ನಡುವೆ ಎರಡು ಅಂಕಿಗಳಿವೆ, ಒಂದರ ಕೆಳಗೆ ಒಂದು. ಯಾವುದು ಯಾರದೆಂದು ಗುರುತು ಹಾಕಿಲ್ಲ. ದೊಡ್ಡದು ಮಾವನದು.